ಕಣ ಬಿಟ್ಟ ಮೇಲೆ ಮುಷ್ಟಿಯೋಧ: ಎಂ. ಬಿ. ಶೆಟ್ಟಿಯವರು ನಡೆದ ದಾರಿ

ಮುಂಬಯಿ ಕನ್ನಡಿಗರ ಸಾಧನೆಯ ಮಾತು ಬಂದಾಗಲೆಲ್ಲ ನಾವು ಹೋಟೆಲು ಉದ್ಯಮವನ್ನು ನೆನೆಯುತ್ತೇವೆ, ಬ್ಯಾಂಕುಗಳನ್ನು ನೆನೆಯುತ್ತೇವೆ, ರಾತ್ರಿ ಶಾಲೆಗಳನ್ನೂ ಯಕ್ಷಗಾನ ಮಂಡಳಿಗಳನ್ನೂ ನೆನೆಯುತ್ತೇವೆ. ಮುಷ್ಟಿಯುದ್ಧ ಆ ಪಟ್ಟಿಯಲ್ಲಿ ಬರುವುದಿಲ್ಲ. ಆದರೆ ಈ ಮಹಾನಗರದಲ್ಲಿ ಬಾಕ್ಸಿಂಗ್ ಕೈಗವಸು ತೊಟ್ಟು, ಅದೇ ವಿದ್ಯೆಯನ್ನು ಬೇರೊಂದು ರೂಪದಲ್ಲಿ ಇಡೀ ದೇಶದ ಬೆಳ್ಳಿತೆರೆಗೆ ಮುಟ್ಟಿಸಿದ ಕರಾವಳಿಯ ಒಬ್ಬ ಮನುಷ್ಯನಿದ್ದರು. ಹಿಂದಿ ಚಿತ್ರಗಳನ್ನು ನೋಡಿ ಬೆಳೆದವರಿಗೆ ಅವರ ಹೆಸರಿಗಿಂತ ಮೊದಲು ಅವರ ಬೋಳುತಲೆ ನೆನಪಾಗುತ್ತದೆ. ಅವರೇ ಮುದ್ದು ಬಾಬು ಶೆಟ್ಟಿ. ಚಿತ್ರಗಳ ಹೆಸರುಪಟ್ಟಿಯಲ್ಲಿ ಎಂ. ಬಿ. ಶೆಟ್ಟಿ, ಹಲವು ಕಡೆ ಬರೀ ಶೆಟ್ಟಿ.

ಜೋಗೇಶ್ವರಿಯ ನಿವಾಸಿಗಳಾದ ನಮಗೆ ಈ ವಿಷಯ ದೂರದ್ದೇನಲ್ಲ. ನಮ್ಮ ಉಪನಗರದ ಉತ್ತರಕ್ಕೆ ಗೋರೆಗಾಂವ್‌ನ ಫಿಲ್ಮಿಸ್ತಾನ್, ದಕ್ಷಿಣಕ್ಕೆ ಅಂಧೇರಿಯ ನಟರಾಜ್ ಸ್ಟುಡಿಯೊ, ಪೂರ್ವದ ಗುಡ್ಡದ ಬದಿಗೆ ಕಮಾಲ್ ಅಮ್ರೋಹಿಯವರ ಕಮಾಲಿಸ್ತಾನ್ ಇದ್ದ ಕಾಲವದು. 1977ರಲ್ಲಿ ಗೋರೆಗಾಂವ್‌ನಲ್ಲಿ ಫಿಲ್ಮ್ ಸಿಟಿಯೂ ತಲೆಯೆತ್ತಿತು. ಹೀಗೆ ಸುತ್ತಲೂ ಚಿತ್ರೋದ್ಯಮ ಹಬ್ಬಿದ್ದ ನಾಡಿನ ನಡುವೆ ನಮ್ಮ ವಾಸ. ಈ ಲೇಖನದ ಕೊನೆಯಲ್ಲಿ ಶೆಟ್ಟಿಯವರ ಮನೆತನದ ಕಥೆ ನಮ್ಮ ಜೋಗೇಶ್ವರಿಯ ರಸ್ತೆಯ ಮೇಲೆಯೇ ಹಾದುಹೋಗುವುದನ್ನು ಓದುಗರು ಕಾಣಲಿದ್ದಾರೆ. ಅದಕ್ಕೆ ಮುನ್ನ ಮುಷ್ಟಿಯೋಧನ ವೃತ್ತಿಜೀವನವೆಂದರೆ ಏನು, ಅದು ಎಷ್ಟು ವರ್ಷ ಬಾಳುತ್ತದೆ, ಕಣ ಬಿಟ್ಟ ಮೇಲೆ ಅವನಿಗೆ ಏನು ಉಳಿಯುತ್ತದೆ ಎಂಬುದನ್ನು ಅರಿಯುವುದು ಉಚಿತ.

ತೂಕದ ಲೆಕ್ಕ

ಬಲಾಬಲದ ಕಾಳಗದಲ್ಲಿ ಸಮಾನರನ್ನೇ ಎದುರುಬದುರು ನಿಲ್ಲಿಸಬೇಕೆಂಬ ವಿವೇಕ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಅರಸ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ಕೃತಿ 'ಮಾನಸೋಲ್ಲಾಸ'ದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ನೈಪುಣ್ಯಗಳಿಗೆ ಅನುಸಾರವಾಗಿ ವರ್ಗೀಕರಿಸಲಾಗಿದೆ. ಮೈಸೂರಿನಲ್ಲಿ ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ಜಟ್ಟಿ ಕಾಳಗದಲ್ಲಿಯೂ ಕಟ್ಟುಪಾಡುಗಳಿವೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ವಜ್ರಮುಷ್ಟಿ ಧರಿಸಿ ಸೆಣಸುತ್ತಾರೆ. ಎದುರಾಳಿಯ ತಲೆಯಿಂದ ಮೊದಲ ನೆತ್ತರು ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ.

ಇಂದಿನ ಬಾಕ್ಸಿಂಗ್‌ಗೆ ಆಧಾರವಾದದ್ದು ಇಂಗ್ಲೆಂಡಿನಲ್ಲಿ 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಾವಳಿ. ಕೈಗವಸು ಕಡ್ಡಾಯ, ಮೂರು ನಿಮಿಷದ ಸುತ್ತು, ನಡುವೆ ಒಂದು ನಿಮಿಷದ ವಿರಾಮ, ಬಿದ್ದವನು ಹತ್ತು ಎಣಿಸುವುದರೊಳಗೆ ಏಳಬೇಕು: ಈ ನಿಯಮಗಳೆಲ್ಲ ಅಲ್ಲಿಂದ ಬಂದವು. ತೂಕದ ವಿಭಾಗಗಳು ಕಾಲಕ್ರಮದಲ್ಲಿ ಬೆಳೆದವು. ಅವುಗಳಲ್ಲಿ ನಡುವಿನದು ಮಿಡ್ಲ್‌ವೈಟ್, ಎಂದರೆ ಮಧ್ಯಮ ತೂಕ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಇದರ ಮಿತಿ 160 ಪೌಂಡು, ಸುಮಾರು 72.57 ಕಿಲೊ. ಹವ್ಯಾಸಿ ಬಾಕ್ಸಿಂಗ್‌ನಲ್ಲಿ ದೀರ್ಘಕಾಲ 75 ಕಿಲೊ ಮಿತಿಯಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರಿಗೆ 71 ಮತ್ತು 80 ಕಿಲೊ ವಿಭಾಗಗಳಿದ್ದವೇ ಹೊರತು ನಡುವಿನ ಈ 75 ಕಿಲೊ ವಿಭಾಗವಿರಲಿಲ್ಲ.

ಈ ತೂಕಕ್ಕೆ ಇಷ್ಟು ಗೌರವವೇಕೆ ಎಂದು ಕೇಳಬಹುದು. ಹಗುರ ತೂಕದವನಿಗೆ ವೇಗವಿದೆ, ಒಂದೇ ಏಟಿಗೆ ಕೆಡಹುವ ಶಕ್ತಿ ಅಪರೂಪ. ಭಾರ ತೂಕದವನಿಗೆ ಶಕ್ತಿಯಿದೆ, ಕಾಲು ನಿಧಾನ. ಮಧ್ಯಮ ತೂಕದವನಲ್ಲಿ ಎರಡೂ ಸೇರಿರುತ್ತವೆ. ಮೂರು ಸುತ್ತು ಪಾದರಸದಂತೆ ಓಡಾಡಬಲ್ಲ. ಎದುರಾಳಿ ಒಂದು ಕ್ಷಣ ಮೈಮರೆತರೆ ಪಂದ್ಯವನ್ನೇ ಮುಗಿಸಬಲ್ಲ. ಆದ್ದರಿಂದಲೇ ಈ ವಿಭಾಗದಲ್ಲಿ ಯಾರ ಗೆಲುವೂ ನಿಶ್ಚಿತವಲ್ಲ.

ಒಂದು ಸುತ್ತಿನ ದೂರ

ಇದಕ್ಕೆ ಫಿನ್ಲೆಂಡ್ ದೇಶದ ರೇಮಾ ವಿರ್ಟನೆನ್ ಅವರ ಉದಾಹರಣೆ ನೋಡೋಣ. ಜನಸಂಖ್ಯೆ ಆಗ ಐವತ್ತು ಲಕ್ಷವನ್ನೂ ಮುಟ್ಟದ ಆ ಪುಟ್ಟ ದೇಶ ಒಲಿಂಪಿಕ್ಸ್‌ಗೆ ಉತ್ತಮ ಬಾಕ್ಸರುಗಳನ್ನು ಕಳುಹಿಸುತ್ತಿತ್ತು. 1952ರಲ್ಲಿ ಒಲಿಂಪಿಕ್ಸ್ ಅದರ ರಾಜಧಾನಿ ಹೆಲ್ಸಿಂಕಿಯಲ್ಲಿಯೇ ನಡೆಯಿತು. ನಮ್ಮ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಕುಸ್ತಿಪಟು ಖಾಶಾಬಾ ಜಾಧವ್ ಅವರು ಕಂಚು ಗೆದ್ದು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದದ್ದು ಅಲ್ಲಿಂದಲೇ. ಅಲ್ಲಿ ಮಧ್ಯಮ ತೂಕದ ಚಿನ್ನ ಗೆದ್ದವನು ಹದಿನೇಳು ವರ್ಷದ ಅಮೆರಿಕನ್ ಹುಡುಗ ಫ್ಲಾಯ್ಡ್ ಪ್ಯಾಟರ್ಸನ್. ಮುಂದೆ ಆತ ವೃತ್ತಿಪರರ ಹೆವಿವೈಟ್ ವಿಶ್ವ ಚಾಂಪಿಯನ್ ಆದ.

ಇಪ್ಪತ್ತು ವರ್ಷಗಳ ತರುವಾಯ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ವಿರ್ಟನೆನ್ ಮಧ್ಯಮ ತೂಕದಲ್ಲಿ ಒಂದೊಂದೇ ಮೆಟ್ಟಿಲೇರಿ ಅಂತಿಮ ಪಂದ್ಯ ತಲುಪಿದರು. ಸೆಮಿಫೈನಲ್‌ನಲ್ಲಿ ಘಾನಾದ ಪ್ರಿನ್ಸ್ ಅಮಾರ್ಟಿಯವರನ್ನು ಸೋಲಿಸಿದ್ದರು. ಅಂತಿಮ ಪಂದ್ಯದಲ್ಲಿ ಎದುರಾದವನು ಸೋವಿಯತ್ ಒಕ್ಕೂಟದ ಇಪ್ಪತ್ತರ ಹರೆಯದ ವ್ಯಾಚೆಸ್ಲಾವ್ ಲೆಮೆಶೆವ್. ಮೊದಲ ಸುತ್ತು ಮುಗಿಯುವ ಮುನ್ನವೇ ವಿರ್ಟನೆನ್ ನಾಕೌಟ್ ಆದರು. ವರ್ಷಗಟ್ಟಲೆ ನಡೆಸಿದ ತಾಲೀಮು, ಬೆಳಗಿನ ಓಟ, ಹಸಿವು ಕಟ್ಟಿ ಕಾಪಾಡಿಕೊಂಡ ತೂಕ, ಇವೆಲ್ಲದರ ತೀರ್ಮಾನ ಮೂರು ನಿಮಿಷದೊಳಗೆ ಆಗಿಹೋಯಿತು. ಬೆಳ್ಳಿ ಪದಕ ಸಣ್ಣದಲ್ಲ, ನಿಜ. ಆದರೂ ಮುಷ್ಟಿಯೋಧನ ಬದುಕು ಎಷ್ಟು ಇಕ್ಕಟ್ಟಾದ ಸೇತುವೆಯ ಮೇಲೆ ಸಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ನಮ್ಮ ದೇಶದಲ್ಲಿ ಇದೇ 75 ಕಿಲೊ ವಿಭಾಗ ಇತಿಹಾಸ ಬರೆದದ್ದು 2008ರಲ್ಲಿ. ಹರಿಯಾಣದ ಭಿವಾನಿಯ ವಿಜೇಂದರ್ ಸಿಂಗ್ ಬೀಜಿಂಗ್‌ನಲ್ಲಿ ಕಂಚು ಗೆದ್ದರು. ಭಾರತಕ್ಕೆ ಬಾಕ್ಸಿಂಗ್‌ನಲ್ಲಿ ದೊರೆತ ಮೊದಲ ಒಲಿಂಪಿಕ್ ಪದಕವದು. ಅವರಿಗೆ ಪೊಲೀಸ್ ಇಲಾಖೆಯ ಉನ್ನತ ಹುದ್ದೆ ದೊರೆಯಿತು. 2015ರಲ್ಲಿ ವೃತ್ತಿಪರರಾಗಿ, 2017ರ ಆಗಸ್ಟ್ 5ರಂದು ಮುಂಬಯಿಯ ವರ್ಲಿಯ ಒಳಾಂಗಣದಲ್ಲಿ ಚೀನಾದ ಜುಲ್ಪಿಕಾರ್ ಮೈಮೈತಿಯಾಲಿಯವರನ್ನು ಹತ್ತು ಸುತ್ತುಗಳ ಪಂದ್ಯದಲ್ಲಿ ಸೋಲಿಸಿದರು. ಟಿಕೆಟು ಕೊಂಡು ಬಂದ ಜನ, ದೀಪಾಲಂಕಾರ, ದೂರದರ್ಶನದ ನೇರ ಪ್ರಸಾರ ಎಲ್ಲವೂ ಆ ಇರುಳು ಇದ್ದವು.

ಹೀಗೆ ಒಬ್ಬನಿಗೆ ಪದಕ, ಇನ್ನೊಬ್ಬನಿಗೆ ಪದಕದ ಜೊತೆ ಹುದ್ದೆ. ಆದರೆ ಪದಕವೂ ಇಲ್ಲದೆ, ಹುದ್ದೆಯೂ ಇಲ್ಲದೆ ಕಣದಿಂದ ಇಳಿದುಬಂದ ನೂರಾರು ಮಂದಿ ಏನಾದರು? ಶೆಟ್ಟಿಯವರ ಕಥೆ ಮಹತ್ವದ್ದಾಗುವುದು ಈ ಪ್ರಶ್ನೆಯ ಮುಂದೆ.

ಹೋಟೆಲಿನಿಂದ ಕಣಕ್ಕೆ

ಬಾಕ್ಸಿಂಗ್‌ಗೂ ಮುಂಬಯಿಗೂ ಹಳೆಯ ನಂಟು. 1925ರಲ್ಲಿ ಬಾಂಬೆ ಪ್ರೆಸಿಡೆನ್ಸಿ ಅಮೆಚೂರ್ ಬಾಕ್ಸಿಂಗ್ ಫೆಡರೇಷನ್ ಸ್ಥಾಪನೆಯಾಯಿತು. ಸ್ವಾತಂತ್ರ್ಯಾನಂತರ 1949ರಲ್ಲಿ ಅಖಿಲ ಭಾರತ ಮಟ್ಟದ ಸಂಸ್ಥೆ ಹುಟ್ಟಿತು. ಮರುವರ್ಷ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು ನಮ್ಮ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ. ಸೇನೆ, ರೈಲ್ವೆ, ಪೊಲೀಸು, ಬಂದರು ಇತ್ಯಾದಿಗಳ ಆಶ್ರಯದಲ್ಲಿ ಈ ಕ್ರೀಡೆ ಬೆಳೆಯುತ್ತಿದ್ದ ಕಾಲದಲ್ಲಿ ಕರಾವಳಿಯಿಂದ ಹಡಗು ಹತ್ತಿ, ಬಸ್ಸು ಹತ್ತಿ ಬರುವ ಹುಡುಗರ ಸಾಲು ಮುಂಬಯಿಗೆ ಹರಿದು ಬರುತ್ತಿತ್ತು.

ಆ ಸಾಲಿನಲ್ಲಿ ಬಂದವರಲ್ಲಿ ಮುದ್ದು ಬಾಬು ಶೆಟ್ಟಿಯವರೂ ಒಬ್ಬರು. ಮಂಗಳೂರು ಸೀಮೆಯ ಬಂಟ ಕುಟುಂಬದ ಹುಡುಗ, ಮನೆಮಾತು ತುಳು. ಓದಿನಲ್ಲಿ ಮನಸ್ಸು ನಿಲ್ಲಲಿಲ್ಲವೆಂದು ಮನೆಯವರು ಮುಂಬಯಿಗೆ ಕಳುಹಿಸಿದರು, ಇಲ್ಲಿ ಹೋಟೆಲಿನಲ್ಲಿ ಮಾಣಿಯಾಗಿ ದುಡಿದರು ಎಂಬುದು ಅವರ ಬಗ್ಗೆ ಪ್ರಚಲಿತವಾಗಿರುವ ವೃತ್ತಾಂತ. ನಮ್ಮಲ್ಲಿ ಎಷ್ಟೋ ಮನೆಗಳ ಹಿರಿಯರ ಕಥೆಯೂ ಇದೇ ಅಲ್ಲವೇ? ಹಗಲಿಡೀ ತಟ್ಟೆ ಲೋಟ ಎತ್ತಿ, ಸಂಜೆ ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಲೇ ಮೆಟ್ರಿಕ್ ಮುಗಿಸಿದವರು ಅನೇಕರು. ಶೆಟ್ಟಿಯವರು ಹಿಡಿದದ್ದು ಪುಸ್ತಕವನ್ನಲ್ಲ, ಕೈಗವಸನ್ನು. ಅಂಗಸಾಧನೆಯ ಸಂಸ್ಕಾರ ಕರಾವಳಿಯವರಿಗೆ ಅಪರಿಚಿತವಲ್ಲ. ಕೋಟಿ ಚೆನ್ನಯರ ಗರಡಿಗಳು, ದಸರೆಯ ಹುಲಿವೇಷದ ಹಿಂದಿನ ತಾಲೀಮು, ಇವುಗಳನ್ನು ಕಂಡು ಬೆಳೆದ ನಾಡದು. ಆ ಮೈಕಟ್ಟಿಗೆ ಮುಂಬಯಿ ಹೊಸ ನಿಯಮಗಳನ್ನು ಕಲಿಸಿತು.

ಬಾಕ್ಸಿಂಗ್ ಕಣದಲ್ಲಿ ಕಲಿಯುವುದು ಬರೀ ಹೊಡೆಯುವುದನ್ನಲ್ಲ. ಮೊದಲು ಕಲಿಯಬೇಕಾದದ್ದು ನಿಲ್ಲುವ ರೀತಿ, ಎರಡನೆಯದು ದೂರದ ಅಂದಾಜು. ಎದುರಾಳಿಯ ತೋಳಿನ ಅಳತೆ ಎಷ್ಟು, ಅವನ ಮುಷ್ಟಿ ತನ್ನನ್ನು ಮುಟ್ಟುವ ಗೆರೆ ಎಲ್ಲಿದೆ, ಆ ಗೆರೆಯ ಹೊರಗೆ ಎರಡು ಅಂಗುಲ ನಿಂತು ಅವನ ಏಟನ್ನು ಗಾಳಿಗೆ ಬಿಡುವುದು ಹೇಗೆ ಎಂಬುದು ಅಭ್ಯಾಸದಿಂದ ಮೈಗೂಡುತ್ತದೆ. ಮೂರನೆಯದು ಏಟು ತಿನ್ನುವ ವಿದ್ಯೆ. ಬರುವ ಮುಷ್ಟಿಯ ಜೊತೆಗೇ ತಲೆಯನ್ನು ಹಿಂದಕ್ಕೆ ಸರಿಸಿದರೆ ಅರ್ಧ ಪೆಟ್ಟು ಕಡಿಮೆ. ಈ ಮೂರು ವಿದ್ಯೆಗಳೇ ಮುಂದೆ ಶೆಟ್ಟಿಯವರ ಅನ್ನವಾದವು.

ಹೊಡೆಯದೆ ಹೊಡೆಯುವುದು

ಐವತ್ತರ ದಶಕದ ನಡುಭಾಗದಲ್ಲಿ ಶೆಟ್ಟಿಯವರು ಹಿಂದಿ ಚಿತ್ರರಂಗ ಸೇರಿದರು. ಆ ಕಾಲದ ಹಿಂದಿ ಚಿತ್ರಗಳಲ್ಲಿ ಹೊಡೆದಾಟದ ದೃಶ್ಯಗಳಿಗೆ ಗಟ್ಟಿ ಮೈಯವರು ಬೇಕಿತ್ತು. ಅಖಾಡದಿಂದ ಪೈಲ್ವಾನರು ಬಂದರು, ಕಣದಿಂದ ಬಾಕ್ಸರುಗಳು ಬಂದರು. ಆದರೆ ಬಂದವರೆಲ್ಲರೂ ನಿಲ್ಲಲಿಲ್ಲ. ಯಾಕೆಂದರೆ ಚಿತ್ರದ ಹೊಡೆದಾಟವು ನಿಜವಾದ ಬಾಕ್ಸಿಂಗ್‌ನ ತದ್ವಿರುದ್ಧ ವಿದ್ಯೆ. ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕಣದಲ್ಲಿ ಏಟು ಚಿಕ್ಕದಾಗಿರಬೇಕು, ನೇರವಾಗಿರಬೇಕು, ಬರುವ ಸುಳಿವು ಎದುರಾಳಿಗೆ ಸಿಗಬಾರದು. ಭುಜ ಹಿಂದಕ್ಕೆ ಹೋದರೆ ತರಬೇತುದಾರ ಗದರುತ್ತಾನೆ. ತೆರೆಯ ಮೇಲೆ ಇದೇ ಏಟು ನೋಡುಗನ ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಿ ತೋಳು ದೊಡ್ಡದಾಗಿ ಬೀಸಬೇಕು. ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು ಎಂಬುದು ಕೊನೆಯ ಸಾಲಿನ ಪ್ರೇಕ್ಷಕನಿಗೂ ತಿಳಿಯಬೇಕು. ಆದರೆ ಅದು ಮುಖಕ್ಕೆ ತಾಗಕೂಡದು. ಮುಷ್ಟಿಗೂ ಗಲ್ಲಕ್ಕೂ ನಡುವೆ ಇರುವ ಅಂತರವನ್ನು ಮರೆಮಾಡುವ ಜಾಗದಲ್ಲಿ ಕ್ಯಾಮೆರಾ ಇಡುತ್ತಾರೆ. ಏಟು ತಿಂದವನು ಸರಿಯಾದ ಕ್ಷಣದಲ್ಲಿ ಕುತ್ತಿಗೆ ತಿರುಗಿಸುತ್ತಾನೆ. ಆ 'ಢಿಶುಂ' ಸದ್ದು ಆಮೇಲೆ ಸೇರುವಂಥದ್ದು. ಮೂರೂ ಒಂದಾದಾಗ ಮಾತ್ರ ನೋಡುಗನು ಹಲ್ಲು ಕಚ್ಚುತ್ತಾನೆ. ಒಂದು ಕ್ಷಣ ಮುಂದಾದರೆ ನಗೆಪಾಟಲು. ಎರಡು ಅಂಗುಲ ಮುಂದಾದರೆ ನಟನ ದವಡೆಗೆ ಪೆಟ್ಟು, ಚಿತ್ರೀಕರಣ ಸ್ಥಗಿತ, ನಿರ್ಮಾಪಕನಿಗೆ ನಷ್ಟ.

ದೂರದ ಅಂದಾಜು ಮೈಗೂಡಿದ ಬಾಕ್ಸರನಿಗೆ ಇಲ್ಲಿ ಬೆಲೆಯಿದೆ ಎಂಬುದು ಇದರಿಂದ ಸ್ಪಷ್ಟ. ಮುಟ್ಟುವ ಗೆರೆ ಬಲ್ಲವನಿಗೇ ಮುಟ್ಟದ ಗೆರೆಯೂ ಗೊತ್ತು. ಶೆಟ್ಟಿಯವರು ಹೊಡೆದಾಟದಲ್ಲಿ ಭಾಗವಹಿಸುವ ಫೈಟರ್ ಆಗಿ ಆರಂಭಿಸಿ, ಹೊಡೆದಾಟವನ್ನು ಸಂಯೋಜಿಸುವ ಫೈಟ್ ಮಾಸ್ಟರ್ ಆದದ್ದು ಈ ಜ್ಞಾನದ ಬಲದಿಂದಲೇ ಎಂದು ನಾವು ಭಾವಿಸುತ್ತೇವೆ. ಫೈಟ್ ಮಾಸ್ಟರನ ಕೆಲಸ ನೃತ್ಯ ನಿರ್ದೇಶಕನ ಕೆಲಸದಂತೆಯೇ. ಯಾರು ಎತ್ತಲಿಂದ ಬರಬೇಕು, ನಾಯಕ ಎಷ್ಟು ಹೆಜ್ಜೆ ಇಡಬೇಕು, ಯಾವ ಮೇಜು ಮುರಿಯಬೇಕು, ಬಿದ್ದವನ ಕೆಳಗೆ ಹಾಸಿಗೆ ಎಲ್ಲಿರಬೇಕು ಎಂಬುದನ್ನೆಲ್ಲ ಅವನೇ ಎಣಿಸಿ ಹೇಳಬೇಕು. ಗಣಕಯಂತ್ರದ ಮಾಯೆ ಇಲ್ಲದ ಆ ದಿನಗಳಲ್ಲಿ ಎತ್ತರದಿಂದ ಬೀಳುವವನು ನಿಜವಾಗಿಯೂ ಬೀಳುತ್ತಿದ್ದ. ಕೆಳಗೆ ಜೋಡಿಸಿಟ್ಟ ರಟ್ಟಿನ ಪೆಟ್ಟಿಗೆಗಳೂ ಹಾಸಿಗೆಗಳೂ ಅವನ ಭಾಗ್ಯ.

ಸೋಲುವ ಕೆಲಸ

ಫೈಟ್ ಮಾಸ್ಟರ್ ಆಗಿದ್ದವರು ಕ್ರಮೇಣ ತೆರೆಯ ಮುಂದೆಯೂ ಕಾಣಿಸಿಕೊಂಡರು. 1967ರ 'ಆನ್ ಈವ್ನಿಂಗ್ ಇನ್ ಪ್ಯಾರಿಸ್' ಚಿತ್ರದಲ್ಲಿ ಖಳನ ಬಲಗೈಯಾಗಿ ಶಮ್ಮಿ ಕಪೂರ್ ಅವರಿಗೆ ಎದುರಾದ ಬೋಳುತಲೆಯ ದೈತ್ಯ ಪ್ರೇಕ್ಷಕರ ಮನಸ್ಸಿನಲ್ಲಿ ಉಳಿದ. 1978 ಅವರ ಪಾಲಿಗೆ ಸ್ಮರಣೀಯ ವರ್ಷ. 'ಡಾನ್' ಚಿತ್ರದಲ್ಲಿ ಶಾಕಾಲ್ ಆಗಿ ಬಂದರು. ಯಶ್ ಚೋಪ್ರಾ ಅವರ 'ತ್ರಿಶೂಲ್'ನಲ್ಲಿ ಮಾಧೋ ಸಿಂಗ್ ಆದರು. ಮರುವರ್ಷ 'ದ ಗ್ರೇಟ್ ಗ್ಯಾಂಬ್ಲರ್' ಬಂತು.

'ತ್ರಿಶೂಲ್'ನ ದೃಶ್ಯವನ್ನು ನೆನಪಿಸಿಕೊಳ್ಳೋಣ. ಅಕ್ರಮವಾಗಿ ಜಾಗ ಹಿಡಿದು ಕುಳಿತಿರುವ ಮಾಧೋ ಸಿಂಗನನ್ನು ಎಬ್ಬಿಸಲು ಅಮಿತಾಭ್ ಬಚ್ಚನ್ ಬರುತ್ತಾರೆ. ಬರುವಾಗಲೇ ಆಂಬುಲೆನ್ಸನ್ನು ಜೊತೆಗೆ ತಂದಿರುತ್ತಾರೆ. ಚಿತ್ರಮಂದಿರದಲ್ಲಿ ಚಪ್ಪಾಳೆ ಬಿದ್ದದ್ದು ಅಮಿತಾಭ್‌ಗೆ. ಬೀಳಬೇಕಾದದ್ದೂ ಅಲ್ಲಿಗೇ. ಆದರೆ ತೆಳ್ಳನೆಯ ನಾಯಕನೊಬ್ಬ ಅಷ್ಟು ದೊಡ್ಡ ಆಳನ್ನು ಕೆಡಹಿದನೆಂದು ನಾವು ನಂಬಿದ್ದು ಯಾರ ಕೌಶಲದಿಂದ? ಸರಿಯಾದ ಕ್ಷಣದಲ್ಲಿ ತತ್ತರಿಸಿದ, ಸರಿಯಾದ ಕೋನದಲ್ಲಿ ಉರುಳಿದ ಶೆಟ್ಟಿಯವರ ಕೌಶಲದಿಂದ. ಎದುರು ನಿಂತವನ ಗಾತ್ರವೇ ನಾಯಕನ ಗಾತ್ರವನ್ನು ನಿರ್ಧರಿಸುತ್ತದೆ. ಯಕ್ಷಗಾನ ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಣ್ಣದ ವೇಷದ ಅಬ್ಬರವಿಲ್ಲದಿದ್ದರೆ ಪುಂಡುವೇಷದ ಶೌರ್ಯ ಏರುವುದುಂಟೇ?

ಗೆಲ್ಲುವುದಕ್ಕಾಗಿ ಮುಷ್ಟಿ ಕಟ್ಟಲು ಕಲಿತ ಮನುಷ್ಯ ಸೋಲುವುದನ್ನೇ ಕಾಯಕ ಮಾಡಿಕೊಂಡದ್ದು ಅವಮಾನವೆಂದು ಯಾರಿಗಾದರೂ ತೋರಬಹುದು. ನಮಗೆ ಹಾಗೆ ಕಾಣುವುದಿಲ್ಲ. ಕಣದ ಸೋಲು ಬದುಕನ್ನು ಮುಗಿಸಬಲ್ಲದು. ತೆರೆಯ ಮೇಲಿನ ಸೋಲು ಮನೆ ನಡೆಸಿತು. ಬೆಳ್ಳಿ ಪದಕದ ವಿರ್ಟನೆನ್ ಅವರಿಗೆ ಇಲ್ಲದ ಒಂದು ಸೌಲಭ್ಯ ಶೆಟ್ಟಿಯವರಿಗಿತ್ತು: ನೆಲಕ್ಕೆ ಬಿದ್ದ ಮೇಲೆ ಎದ್ದು, ಧೂಳು ಕೊಡವಿ, ಇನ್ನೊಮ್ಮೆ ಆ ದೃಶ್ಯ ತೆಗೆಯೋಣ ಎನ್ನಬಹುದಿತ್ತು.

ಜೋಗೇಶ್ವರಿಯ ಮೇಲೆ ಹಾದ ದಾರಿ

ಆದರೆ ಈ ಕಾಯಕಕ್ಕೂ ಭದ್ರತೆ ಎಂಬುದಿರಲಿಲ್ಲ. ಮೈಯೇ ಬಂಡವಾಳವಾದ ಉದ್ಯೋಗದಲ್ಲಿ ಮೈ ಹೋದ ದಿನ ಬಂಡವಾಳವೂ ಹೋಗುತ್ತದೆ. ಶೆಟ್ಟಿಯವರು 1982ರ ಜನವರಿಯಲ್ಲಿ ತೀರಿಕೊಂಡರು. ಆಗ ಅವರ ಮಗ ರೋಹಿತ್ ಇನ್ನೂ ಪ್ರಾಥಮಿಕ ಶಾಲೆಯ ಬಾಲಕ. ತಾಯಿ ರತ್ನಾ ಅವರೂ ಚಿತ್ರಗಳಲ್ಲಿ ಜೂನಿಯರ್ ಕಲಾವಿದೆಯಾಗಿ ದುಡಿದವರು. ತೆರೆಯ ಮೇಲೆ ಪಟ್ಟಣವನ್ನೇ ನಡುಗಿಸಿದವನ ಮನೆಯಲ್ಲಿ ದಿನದ ಖರ್ಚಿನ ಲೆಕ್ಕ ಹಾಕಬೇಕಾದ ದಿನಗಳು ಬಂದವು.

ರೋಹಿತ್ ಶೆಟ್ಟಿಯವರು ಹದಿನೇಳರ ಸುಮಾರಿಗೆ, 1991ರಲ್ಲಿ ತೆರೆಕಂಡ 'ಫೂಲ್ ಔರ್ ಕಾಂಟೆ' ಚಿತ್ರಕ್ಕೆ ಸಹಾಯಕರಾಗಿ ಸೇರಿದರು. ಮೊದಲ ಸಂಬಳ 35 ರೂಪಾಯಿ ಎಂದೂ, ಊಟಕ್ಕೋ ಪ್ರಯಾಣಕ್ಕೋ ಎಂದು ಆಯ್ದುಕೊಳ್ಳಬೇಕಾದ ದಿನಗಳಲ್ಲಿ ಮಲಾಡ್‌ನಿಂದ ಅಂಧೇರಿಯ ನಟರಾಜ್ ಸ್ಟುಡಿಯೊವರೆಗೆ ನಡೆದೇ ಹೋಗುತ್ತಿದ್ದರೆಂದೂ ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಮಲಾಡ್‌ನಿಂದ ಅಂಧೇರಿಗೆ ಕಾಲ್ನಡಿಗೆಯಲ್ಲಿ ಹೋಗುವವನು ಗೋರೆಗಾಂವ್ ದಾಟಿ ನಮ್ಮ ಜೋಗೇಶ್ವರಿಯನ್ನು ಹಾಯದೆ ಹೋಗಲಾರ. ಒಂದೂವರೆ ಎರಡು ಗಂಟೆಯ ಬಿಸಿಲಿನ ನಡಿಗೆಯದು. ನಮ್ಮ ಹೋಟೆಲುಗಳ ಮುಂದೆ, ನಮ್ಮ ಬಸ್ ನಿಲ್ದಾಣಗಳ ಬದಿಯಲ್ಲಿ ನಡೆದುಹೋದ ಆ ಹುಡುಗನನ್ನು ಕಂಡು, ಇವನು ಆ ಶೆಟ್ಟಿಯವರ ಮಗನೆಂದು ಗುರುತಿಸಿದವರು ಇದ್ದರೋ ಇಲ್ಲವೋ.

ಮುಂದಿನದು ಎಲ್ಲರಿಗೂ ತಿಳಿದದ್ದೇ. 2003ರಲ್ಲಿ 'ಜಮೀನ್' ಚಿತ್ರದಿಂದ ನಿರ್ದೇಶಕರಾದ ರೋಹಿತ್, 2006ರ 'ಗೋಲ್‌ಮಾಲ್', 2011ರ 'ಸಿಂಗಂ' ಚಿತ್ರಗಳಿಂದ ಮನೆಮಾತಾದರು. ಅವರ ಚಿತ್ರಗಳಲ್ಲಿ ವಾಹನಗಳು ಗಾಳಿಯಲ್ಲಿ ಹಾರುವುದನ್ನು ನೋಡಿ ನಗುವವರು ಇದ್ದಾರೆ. ಆದರೆ ಆ ಹಾರಾಟದ ಹಿಂದೆ ಎಲ್ಲಿ ನಿಲ್ಲಬೇಕು, ಎಷ್ಟು ದೂರ ಬಿಡಬೇಕು, ಯಾವ ಕ್ಷಣಕ್ಕೆ ಸರಿಯಬೇಕು ಎಂಬ ಎಣಿಕೆಯಿದೆ. ಅದು ತಂದೆ ಬಾಕ್ಸಿಂಗ್ ಕಣದಲ್ಲಿ ಕಲಿತ ಪಾಠದ ಮುಂದುವರಿಕೆಯೇ ಅಲ್ಲವೇ?

ನಾವು ಕಲಿಯಬೇಕಾದದ್ದು

ಕಾಯಬಲದ ಮೇಲೆ ನಿಂತ ವೃತ್ತಿಗಳೆಲ್ಲ ಅಲ್ಪಾಯುಷಿಗಳು. ಬಾಕ್ಸರ್, ಕಬಡ್ಡಿ ಆಟಗಾರ, ಸ್ಟಂಟ್ ಕಲಾವಿದ, ಇವರಿಗೆ ಮೂವತ್ತೈದರ ಮೇಲೆ ಇನ್ನೊಂದು ಬದುಕು ಬೇಕಾಗುತ್ತದೆ. ಪದಕ ಗೆದ್ದವರಿಗೆ ಸರಕಾರ ಹುದ್ದೆ ಕೊಡುತ್ತದೆ. ಗೆಲ್ಲದವರಿಗೆ ಸಮಾಜವೇ ದಾರಿ ತೋರಬೇಕು. ನಮ್ಮ ಸಂಘಗಳು ಪ್ರತಿವರ್ಷ ವಿದ್ಯಾರ್ಥಿಗಳನ್ನು ಅಂಕಗಳ ಆಧಾರದ ಮೇಲೆ ಸನ್ಮಾನಿಸುತ್ತವೆ; ಅದು ಒಳ್ಳೆಯದೇ. ಬೆಳಗಿನ ಜಾವ ಮೈದಾನದಲ್ಲಿ ಬೆವರು ಸುರಿಸುವ ಹುಡುಗ ಹುಡುಗಿಯರಿಗೂ ಆ ವೇದಿಕೆಯಲ್ಲಿ ಒಂದು ಕುರ್ಚಿ ಇರಲಿ. ಅದರ ಜೊತೆಗೆ, ಆಟ ಮುಗಿದ ಮೇಲೆ ಅವರು ಯಾವ ವೃತ್ತಿ ಹಿಡಿಯಬಹುದೆಂದು ಹೇಳಬಲ್ಲ ಹಿರಿಯರೂ ಅಲ್ಲಿರಲಿ.

ಶೆಟ್ಟಿಯವರಿಗೆ ಅಂಥ ದಾರಿ ತೋರಿದವರು ಇದ್ದರೋ, ತಾವೇ ಕಂಡುಕೊಂಡರೋ, ಅಂತೂ ಕಲಿತ ವಿದ್ಯೆಯನ್ನು ಅವರು ವ್ಯರ್ಥವಾಗಲು ಬಿಡಲಿಲ್ಲ. ಹಳೆಯ ಹಿಂದಿ ಚಿತ್ರವೊಂದನ್ನು ಮನೆಯಲ್ಲಿ ಕುಳಿತು ನೋಡುವಾಗ ಆ ಬೋಳುತಲೆಯ ಖಳ ತೆರೆಯ ಮೇಲೆ ಬಂದರೆ, ಮಕ್ಕಳಿಗೆ ಒಂದು ಮಾತು ಹೇಳೋಣ: ಇವರು ನಮ್ಮ ಕಡೆಯವರು, ಹೋಟೆಲಿನಲ್ಲಿ ದುಡಿದು ಬಾಕ್ಸಿಂಗ್ ಕಲಿತವರು, ನಾಯಕನು ಗೆಲ್ಲುವಂತೆ ಬೀಳಬಲ್ಲವರು.